ಎರಡನೇ ಕೂಗಿಗೆ ತೆರೆಯುವ ಬಾಗಿಲು

ಅದು ಭಾನುವಾರ ಎಂದು ಬರೆಯಹೊರಟವನು ಅನುಮಾನಿಸಿದೆ. ಭಾನುವಾರವೇ ಇರಬೇಕು, ತಂಗಿ ಮರುದಿನ ಶಾಲೆಗೆ ಲ್ಯಾಪ್‌ಟಾಪ್ ಒಯ್ಯಬೇಕಿತ್ತು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅದನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ಹಳ್ಳಿಮೈಸೂರು ಕಡೆಯ ಒಂದು ಶಾಲೆಯಲ್ಲಿ ಅವಳು ಟೀಚರು. ಬಣ್ಣದ ಬ್ಲಾಕುಗಳನ್ನು ಒಂದರ ಕೆಳಗೊಂದು ಸಿಕ್ಕಿಸಿ ಆಟ ತಯಾರಿಸುವುದನ್ನು ಮಕ್ಕಳಿಗೆ ಹೇಳಿಕೊಡಬೇಕೆಂದು ತರಬೇತಿ ಕೊಟ್ಟಿದ್ದರು. ಇದು ಅವಳ ಮೊದಲ ಆಟ. ನಾನು ಹಾಸನದಲ್ಲಿ ಕಂಪ್ಯೂಟರ್ ಕಲಿಸುವವನಾದ್ದರಿಂದ ಕರೆಸಿಕೊಂಡಿದ್ದಳು.

"ಬಾಗ್ಲೇ ತೆಗೀತಿಲ್ಲ ಕಣಣ್ಣ. ಎಷ್ಟ್ ಒತ್ತುದ್ರೂ ಗೂಟ ಒಡ್ದಂಗೆ ನಿಂತೈತೆ."

"ನಿನ್ ಪಾಠ ಕೇಳಿ ನಿದ್ದೆ ಬಂದಿರ್ಬೇಕು."

"ಸುಮ್ಕಿರು. ಮೊದ್ಲು ನೋಡು."

ಆಟ ಸಣ್ಣದು. ಮುಸ್ಸಂಜೆ, ಒಂದು ಮನೆ, ಮುಚ್ಚಿದ ಬಾಗಿಲು. ಹೊರಗೆ ಯಾರೋ ಕೂಗುತ್ತಾರೆ. ದೆವ್ವವಾದರೆ ಒಂದೇ ಸಲ ಕೂಗುತ್ತದೆ, ಮನೆಯವರಾದರೆ ಮತ್ತೆ ಕೂಗುತ್ತಾರೆ. 'ಕೂಗು' ಗುಂಡಿಯನ್ನು ಎರಡನೇ ಸಲ ಒತ್ತಿದಾಗ ಬಾಗಿಲು ತೆರೆಯಬೇಕು. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊತ್ತು ಮುಳುಗಿದ ಮೇಲೆ ಒಂದೇ ಸಲ ಕರೆದರೆ ಓಗೊಡಬಾರದು ಎಂದು ಅವ್ವ ನಮಗೂ ಊಟಕ್ಕೆ ಹಾಕುತ್ತಲೇ ಕಲಿಸಿದ್ದಳು.

ಅವ್ವ ಹೋದದ್ದು ಅಂಥದೇ ಹೊತ್ತಿನಲ್ಲಿ. ಹಿತ್ತಲಲ್ಲಿ ಕುಸಿಯುವ ಮುನ್ನ ತಂಗಿಯನ್ನು ಒಮ್ಮೆ ಕರೆದಳು. ತಂಗಿ ಒಳಗಿದ್ದಳು, ಕೇಳಿಸಿಕೊಂಡಳು, ಎರಡನೇ ಕೂಗಿಗೆ ಕಾದಳು. ಒಂದು ಸಲ ಹೇಳುವಾಗ, ಆಗ ಸೊಪ್ಪು ಸೋಸುತ್ತಿದ್ದಳಂತೆ. ಇನ್ನೊಂದು ಸಲ ಹೇಳುವಾಗ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾನು ಅಲ್ಲಿರಲೇ ಇಲ್ಲ, ಆದರೂ ಆ ಸಂಜೆಯ ಹಿತ್ತಲ ಬಾಗಿಲು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೇ ಆ ನೆನಪನ್ನು ನಂಬುವುದಿಲ್ಲ. ಓಡಿಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ತಂಗಿ ತಲೆಯಾಡಿಸಿದಳು. ನಂಬಿದಳೇ ಎಂದು ನಾನು ಕೇಳಲಿಲ್ಲ.

ತಪ್ಪು ಸಿಕ್ಕಿತು. ಎಷ್ಟು ಸಲ ಕೂಗಿದರೆಂದು ಎಣಿಸಲು ಒಂದು ಲೆಕ್ಕ ಇಟ್ಟಿದ್ದಳು. ಅದನ್ನು ಸೊನ್ನೆ ಮಾಡುವ ಬ್ಲಾಕು ಆಟ ಶುರುವಾಗುವಲ್ಲಿ ಇರಬೇಕಿತ್ತು. ಇವಳು ಕೂಗಿನ ಬ್ಲಾಕಿನ ಕೆಳಗೇ ಸಿಕ್ಕಿಸಿದ್ದಳು. ಒತ್ತಿದಾಗಲೆಲ್ಲ ಲೆಕ್ಕ ಸೊನ್ನೆಗೆ ಇಳಿದು ಒಂದಕ್ಕೆ ಏರುತ್ತಿತ್ತು. ಎರಡನ್ನು ಮುಟ್ಟುವಂತೆಯೇ ಇರಲಿಲ್ಲ.

"ಈ ಮನೆಗೆ ಯಾವಾಗ್ಲೂ ಮೊದಲ್ನೇ ಕೂಗೇ ಕಣಮ್ಮಿ. ಮುಂಚೆ ಕೂಗಿದ್ದು ಮರ್ತೋಗ್ತೈತೆ."

ಆಡಿದ ಮೇಲೆ ಮಾತು ಎಲ್ಲಿ ತಾಗಿತೆಂದು ಗೊತ್ತಾಯಿತು. ನಾನು ಆ ಬ್ಲಾಕನ್ನು ಎಳೆದು, ಆಟ ಶುರುಮಾಡುವ ಹಸಿರು ಬಾವುಟದ ಕೆಳಗೆ ಸೇರಿಸಿದೆ. ಅವಳು ಬಾವುಟ ಒತ್ತಿದಳು. ಒಂದು ಕೂಗು. ಮತ್ತೊಂದು. ಬಾಗಿಲು ತೆರೆಯಿತು.

"ಸರ್‍ಯೋಯ್ತು ಬುಡು," ಎಂದೆ.

ಅವಳು ಆಟವನ್ನು ಮತ್ತೆ ಶುರುಮಾಡಿ, ಒಮ್ಮೆ ಮಾತ್ರ ಕೂಗಿಸಿ, ಕೈ ತೆಗೆದು ಕೂತಳು. ಬಾಗಿಲು ಮುಚ್ಚಿಯೇ ಇತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಹೇಳಲಾರೆ. ಇಂಥ ಕಡೆ ನೆನಪು ತಾನಾಗಿಯೇ ಉದ್ದವಾಗುತ್ತದೆ. ಆಮೇಲೆ 'ಎರಡಾದರೆ' ಎಂಬ ಬ್ಲಾಕನ್ನು ಕಿತ್ತು ಪಕ್ಕಕ್ಕೆ ಹಾಕಿ, ಬಾಗಿಲು ತೆರೆಯುವ ಬ್ಲಾಕನ್ನು ನೇರವಾಗಿ ಕೂಗಿನ ಕೆಳಗೆ ಸಿಕ್ಕಿಸಿದಳು.

"ಅಂಗ್ ಮಾಡುದ್ರೆ ಆಟ ಎಲ್ಲುಳೀತು? ದೆವ್ವ ಬಂದ್ರೂ ತೆಗೀತೈತಲ್ಲ."

"ಬರ್ಲಿ ಬುಡಣ್ಣ."

ಮರುದಿನ ಬೈಕಿನಲ್ಲಿ ಅವಳನ್ನು ಶಾಲೆಗೆ ಬಿಡಲು ಹೋದವನು ತರಗತಿಯೊಳಗೆ ಕೊನೆಯ ಸಾಲಿನ ಹಿಂದೆ ನಿಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಗುಂಡಿ ಒತ್ತಿದಳು. ಬಾಗಿಲು ತೆರೆಯಿತು.

"ಇಷ್ಟೇನಾ ಮಿಸ್? ಎಲ್ಡ್ ಸಲ ಕರೀಬೇಕಲ್ವಾ? ನಮ್ಮಜ್ಜಿ ಅಂಗೇ ಯೋಳೋದು."

ಮಕ್ಕಳು ನಕ್ಕರು. ತಂಗಿಯೂ ನಕ್ಕಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವಳು ಲ್ಯಾಪ್‌ಟಾಪಿನ ಕಡೆ ತಿರುಗಿದ್ದಳು, ನಾನು ನಿಂತಲ್ಲಿಂದ ಕಂಡದ್ದು ಅವಳ ಬೆನ್ನು ಮಾತ್ರ.

"ಇಷ್ಟೇ ಕಣವ್ವ," ಎಂದಳು. "ಕರುದ್ರೆ ತೆಗಿಯೋದು. ಈಗ ನೀವ್ ಮಾಡಿ."