ನಾನು ಓದಿ ಹೇಳಿದ ವಿಂಬಲ್ಡನ್

ಇದನ್ನು ಹೇಳಲು ನಲವತ್ತು ವರ್ಷ ಹಿಂಜರಿದೆ. ಆಗ ನಾನು ರಾಯಚೂರಿನ ಕ್ಲಬ್ಬೊಂದರಲ್ಲಿ ಗುಮಾಸ್ತ. ಅಲ್ಲಿನ ಟೆನಿಸ್ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನಿಗೆ ಓದು ಬರುತ್ತಿರಲಿಲ್ಲ. ನಾನು ಪತ್ರಿಕೆಯಲ್ಲಿನ ವಿಂಬಲ್ಡನ್ ಸುದ್ದಿ ಓದಿದರೆ, ಅವನು ಕೆಂಪು ಮಣ್ಣಿನ ಮೇಲೆ ಕೂತು, ಕಣ್ಣು ಮುಚ್ಚಿ, ಆ ದೂರದ ಹಸಿರು ಹುಲ್ಲಿನಲ್ಲಿ ನಡೆದಾಡುವವನಂತೆ ಕೇಳುತ್ತಿದ್ದ.

ಆ ವರ್ಷ ಫೈನಲ್‌ನಲ್ಲಿ ಅವನ ಮೆಚ್ಚಿನ ಆಟಗಾರ ಸೋತಿದ್ದ. ತಮಾಷೆಗೆ, ಗೆದ್ದನೆಂದು ಓದಿಬಿಟ್ಟೆ. ಅವನು ಓಡಿಹೋಗಿ ಸಕ್ಕರೆ ತಂದು, ಸಂಜೆ ಆಡಲು ಬಂದವರಿಗೆಲ್ಲ ಹಂಚಿದ.

“ಸೋತಾಂವನ ಹೆಸರಿಲೆ ಸಕ್ಕರಿ ಹಂಚಾಕತ್ತೀಯಲ್ಲಲೇ ಹುಚ್ಚಾ!” ಎಂದು ಅವರು ನಕ್ಕರು. ನಾನೂ ನಕ್ಕೆ.

ಅವನು ನನ್ನತ್ತ ತಿರುಗಿ, “ನೀವು ಓದಿದ್ದು ಖರೇ ಅಂತ ತಿಳ್ಕೊಂಡಿದ್ನಿರಿ,” ಎಂದಷ್ಟೇ ಹೇಳಿದ. ಮತ್ತೆಂದೂ ಓದಿ ಹೇಳೆಂದು ಕೇಳಲಿಲ್ಲ.

ನಾನು ಕೆಲಸ ಬಿಟ್ಟು ಮಾನ್ವಿಗೆ ಬಂದೆ. ಹೋಗಿ ತಪ್ಪಾಯಿತು ಎನ್ನಲು ಒಂದು ಬಸ್ಸು ಸಾಕಿತ್ತು, ಹತ್ತಲಿಲ್ಲ. ಅವನ ಹೆಸರು ಖಾಜಾಸಾಬ.