ಹಿಂಡಿ ಚೀಲದ ಬಾಯಿ

ಮೂಡಲಗಿ, ತುಕ್ಕಾನಟ್ಟಿಯ ಓಣಿಗಳಲ್ಲಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ನನ್ನದು. ಬುಟ್ಟಿ ಹೊತ್ತುಕೊಂಡೇ ಬಿ.ಕಾಂ. ಮುಗಿಸಿದೆ. ಎರಡು ಸೀರೆಗೆ ಡಬ್ಬಿ ಕೊಟ್ಟು, ಅದರ ಮುಚ್ಚಳಕ್ಕೆ ಮೂರನೆಯ ಸೀರೆ ಕೇಳುವ ಕಲೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೊಣಕಾಲು ಇನ್ನು ಬುಟ್ಟಿ ಒಲ್ಲೆ ಎಂದಿತು. ಗೋಕಾಕದ ಒಂದು ದನದ ಹಿಂಡಿ ಕಂಪನಿಗೆ ಅಕೌಂಟ್ ಮ್ಯಾನೇಜರ್ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದೆ. ಇದ್ದ ಗಿರಾಕಿ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವ ಕೆಲಸ. ಅದು ಸಿಗದಿದ್ದರೆ ಮತ್ತೆ ಬುಟ್ಟಿಯೇ.

ಇಂಟರ್‌ವ್ಯೂದಲ್ಲಿ ಮ್ಯಾನೇಜರ್ ಸಾಹೇಬರು ನನ್ನ ಕಾಗದಗಳನ್ನು ಪಕ್ಕಕ್ಕಿಟ್ಟರು.

"ಹುಕ್ಕೇರ್ಯಾಗ ನಮ್ಮ ಹಳೇ ಗಿರಾಕಿ, ಹಿಂಡಿ ಅಂಗಡಿಯವರೊಬ್ರು ಅದಾರ. ಮೂರು ತಿಂಗಳಾತು, ನಮ್ಮ ಮಾಲು ಮುಟ್ಟವಲ್ರು. ಯಾಕಂತ ತಿಳ್ಕೊಂಡು ಬರ್ರಿ. ಮಾರಾಕ ಮಾತ್ರ ಹೋಗಬ್ಯಾಡ್ರಿ."

"ಮಾರಬಾರದಂದ್ರ ಹೆಂಗ್ರಿ ಸಾಹೇಬ್ರ?"

"ಅದ ಪರೀಕ್ಷಾರಿ ಮೇಡಂ. ನಿಮಗಿಂತ ಮೊದಲ ಇಬ್ರು ಹೋಗಿ ಬಂದ್ರು. ರೇಟ್ ಜಾಸ್ತಿ ಆಗೇತಂತ ಅಂದ್ರು. ನಾವು ರೇಟ್ ಏರಿಸೇ ಇಲ್ಲ!"

ಬಸ್ಸಿನುದ್ದಕ್ಕೂ ಇದೇ ಯೋಚನೆ. ರೇಟ್ ಏರಿಲ್ಲ, ಮತ್ತೆ ಯಾಕೆ ಬಿಟ್ಟರು?

ಅಂಗಡಿಯವರು ಹಿರಿಯರು, ಮೂಗಿನ ತುದಿಯಲ್ಲಿ ಕನ್ನಡಕ. ಕೂತ ಕೂಡಲೇ ನನ್ನ ಬಾಯಿಂದ ಹಳೆಯ ಚಾಳಿ ಹೊರಬಿದ್ದೇ ಬಿಟ್ಟಿತು. "ಕಾಕಾ, ಹತ್ತು ಚೀಲ ತಗೋತೀನಿ ಅನ್ರಿ, ಕಂಪನ್ಯಾಗ ಹೇಳಿ ಏನಾರ ಬಿಡಿಸ್ತೀನಿ."

"ಬಂದ್ರು ನೋಡು ಮತ್ತೊಬ್ರು! ರೇಟ್ ಜಾಸ್ತಿ ಐತಿ, ಹೋಗಿಬರ್ರಿ ಅಕ್ಕಾರ."

ಗಿರಾಕಿ ರೇಟ್ ಜಾಸ್ತಿ ಎಂದರೆ ತಟ್ಟನೆ ನಂಬಬೇಡಿ. ಅದು ಎಷ್ಟೋ ಸಲ ಬಂದವರನ್ನು ಎಬ್ಬಿಸಿ ಕಳಿಸುವ ಮಾತು. ಮನೆ ಬಾಗಿಲಿಗೆ ಮಾರಲು ಬಂದವರಿಗೆ ನಾನೇ ಎಷ್ಟು ಸಲ ಆಡಿಲ್ಲ! ಹಾಗಾಗಿ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತೆ.

ಅಷ್ಟರಲ್ಲಿ ಒಬ್ಬರು ಹಿಂಡಿಗೆ ಬಂದರು. ಕಾಕಾ ಬೇರೆ ಕಂಪನಿಯ ಚೀಲ ಎಳೆದುಕೊಂಡು, ಮೂಲೆಯ ದಾರ ಹಿಡಿದು ಒಮ್ಮೆ ಜಗ್ಗಿದರು. ಸರ್ರನೆ ಇಡೀ ಬಾಯಿ ಬಿಚ್ಚಿತು. ಗೋಡೆ ಬದಿ ನಮ್ಮ ಕಂಪನಿಯ ಖಾಲಿ ಚೀಲ ಬಿದ್ದಿತ್ತು. ಅದರ ಬಾಯಿ ನಾಯಿ ಎಳೆದಾಡಿದಂತೆ ಹರಿದಿತ್ತು.

"ಇದಕ್ಕ ಏನ್ ಆಗೇತ್ರಿ ಕಾಕಾ?"

ಅವರು ಕನ್ನಡಕ ಮೇಲೇರಿಸಿದರು. "ಹೊಸಾ ಹೊಲಿಗಿ. ಎರಡು ಸಾಲು. ಜಗ್ಗಿದ್ರ ಬರಂಗಿಲ್ಲ, ಕುಡಗೋಲ ಹಾಕಬೇಕು, ಚೀಲಾ ಹರೀತೈತಿ. ಹರಕ ಚೀಲದಾಗ ಗೋವಿನಜ್ವಾಳ ತುಂಬಾಕ ಬರ್ತೈತೇನು? ಮಳ್ಯಾಗ ಕೊಪ್ಪಿ ಮಾಡಿ ತಲಿಗೆ ಹಾಕ್ಕೊಳ್ಳಾಕ ಬರ್ತೈತೇನು? ಹಿಂಡಿ ಎಮ್ಮಿಗೆ, ಚೀಲಾ ಮಾಲಕಗ. ನಮ್ಮ ಮಂದಿ ಎರಡನ್ನೂ ನೋಡಿ ತಗೋತಾರ."

"ಕಂಪನಿಯವ್ರಿಗೆ ಹೇಳಬೇಕಿತ್ತಲ್ರಿ?"

"ಯಾರು ಕೇಳಿದ್ರವ್ವಾ? ಬಂದಾವ್ರೆಲ್ಲಾ ಮಾರಾಕ ಬಂದಾರ."

ಆ ಹರಕು ಚೀಲ ಕೊಡಿ ಎಂದೆ. ಬದಲಿಗೆ ಏನು ಕೊಡ್ತೀರಿ ಎಂದು ಕೇಳಿದರು, ಪಾಪಿ ಮುದುಕ! ಬ್ಯಾಗಿನಲ್ಲಿದ್ದ ನನ್ನ ಸ್ಟೀಲ್ ಲೋಟ ಕೊಟ್ಟೆ. ಅಷ್ಟು ನಷ್ಟದ ವ್ಯಾಪಾರ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಸಂಜೆ ಗೋಕಾಕದಲ್ಲಿ ಚೀಲವನ್ನು ಸಾಹೇಬರ ಟೇಬಲ್ ಮೇಲಿಟ್ಟು ಎಲ್ಲ ಹೇಳಿದೆ. ಅವರು ಹರಿದ ಅಂಚಿನ ಮೇಲೆ ಬೆರಳಾಡಿಸಿದರು.

"ಯಾವಾಗ ಸೇರ್ತೀರಿ?"

"ಮೊದಲ ಹೊಲಿಗಿ ಬದಲ ಮಾಡಸ್ರಿ, ಆಮ್ಯಾಲ."

"ಇದು ಇಂಟರ್‌ವ್ಯೂರಿ ಮೇಡಂ, ಪಾತ್ರಿ-ಬಾಂಡೆ ವ್ಯಾಪಾರ ಅಲ್ಲ!"

"ಬರಿಗೈಲೆ ಕಾಕಾನ ಮುಂದ ಹೋಗಿ ಏನಂತ ನಿಂದರ್ಲಿರಿ?"

ಅವರು ನಕ್ಕು, ಫ್ಯಾಕ್ಟರಿಗೆ ಫೋನ್ ಹಚ್ಚಿದರು.

ಕೆಲಸಕ್ಕೆ ಸೇರಿದ ದಿನವೇ ಒಂಟಿ ಹೊಲಿಗೆಯ ಹಿಂಡಿ ಚೀಲವೊಂದನ್ನು ತೆಗೆದುಕೊಂಡು ಹುಕ್ಕೇರಿಗೆ ಹೋದೆ. ಕಾಕಾ ದಾರ ಹಿಡಿದು ಜಗ್ಗಿದರು. ಸರ್ರ್! ಅವರು ಚೀಲವನ್ನು ಅಂಗಡಿಯೊಳಗೆ ಸರಿಸಿಕೊಂಡು ಚಹಾ ತರಿಸಿದರು. ಕೊಟ್ಟದ್ದು ನನ್ನದೇ ಲೋಟದಲ್ಲಿ. ವಾಪಸ್ಸು ಕೇಳಲು ನಾಲಿಗೆ ತುರಿಸಿತು. ಕೇಳಲಿಲ್ಲ.