ಏಣಿಗೆ ಸುತ್ತಿದ ತಂತಿ

ಗಾಜಿನ ನೂಲಿನ ಚೂರು ಚರ್ಮಕ್ಕೆ ಹೊಕ್ಕರೆ ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಪೊನ್ನಂಪೇಟೆಯ ಶೆಡ್ಡಿನಲ್ಲಿ ಫೈಬರ್ ಏಣಿ ಮಾಡುವ ನಾನು ಆ ತುರಿಕೆಗೆ ಒಗ್ಗಿಹೋಗಿದ್ದೇನೆ. ಏಣಿ ಕೊಳ್ಳುವವರ ಬುದ್ಧಿಗೆ ಮಾತ್ರ ಇನ್ನೂ ಒಗ್ಗಿಲ್ಲ. ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಇಲ್ಲಿ ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿ ಎತ್ತರಕ್ಕೆ ಹೋಗುತ್ತದೆ. ತೋಟದ ನಡುವೆಯೇ ಕರೆಂಟಿನ ಲೈನೂ ಹೋಗುತ್ತದೆ. ಜನ ಬಿದಿರಿನ ಏಣಿ ಬಿಟ್ಟು, ಹಗುರವೆಂದು ಅಲ್ಯುಮಿನಿಯಂ ಏಣಿ ಹಿಡಿದ ಮೇಲೆ, ಅದು ವಾಲಿ ಲೈನಿಗೆ ತಾಗಿ ಸತ್ತವರ ಸುದ್ದಿ ಕೊಯ್ಲಿನ ಕಾಲದಲ್ಲಿ ಕೇಳಿಬರತೊಡಗಿತು. ಹುದಿಕೇರಿ ಕಡೆಯ ಒಂದು ಎಸ್ಟೇಟಿನಲ್ಲಿ ಹಾಗೆ ಹೋದವನ ತಮ್ಮ ಅಲ್ಲೇ ಮೆಣಸು ಕೊಯ್ಯುತ್ತಾನೆ. ಅಣ್ಣ ಸತ್ತ ಮೇಲೆ ಅಲ್ಲಿನ ಸಾವ್ಕಾರರು ನನ್ನಲ್ಲಿಗೆ ಬಂದು, ಕರೆಂಟು ಹರಿಯದ ಫೈಬರ್ ಏಣಿ ಕೊಂಡರು.

ಕೊಯ್ಲು ಮುಗಿದದ್ದೇ ಫೋನಿನಲ್ಲಿ ಬೈದರು. "ಎಂಥ ಏಣಿ ಮಾರಾಯ್ರೆ ನಿಮ್ಮದು? ತುದಿ ಎಲ್ಲ ಸವೆದು ಬ್ರಷ್ ಆಗಿದೆ. ಕೆಲಸದವರಿಗೆ ಕೈಯೆಲ್ಲ ತುರಿಸ್ತದಂತೆ."

ಅದರಲ್ಲಿ ಸುಳ್ಳಿರಲಿಲ್ಲ. ಗಾಜಿನ ನೂಲಿನ ಬಟ್ಟೆಗೆ ರೆಸಿನ್ ಎಂಬ ಅಂಟು ಹಚ್ಚಿ ಗಟ್ಟಿ ಮಾಡಿದ್ದೇ ಫೈಬರ್. ಮರದ ತೊಗಟೆಗೆ ತಿಕ್ಕಿ ಮೇಲಿನ ಅಂಟು ಹೋದರೆ ಒಳಗಿನ ನೂಲು ಎದ್ದು ನಿಲ್ಲುತ್ತದೆ. ಆ ಮಳೆಗಾಲವೆಲ್ಲ ನಾನು ಇದರ ಹಿಂದೆ ಬಿದ್ದೆ. ರೆಸಿನ್ನಿಗೆ ನುಣ್ಣನೆಯ ಸಿಲಿಕಾ ಮರಳಿನ ಪುಡಿ ಬೆರೆಸಿದೆ. ಪುಡಿ ಕಡಿಮೆಯಾದರೆ ಸವೆಯುತ್ತಿತ್ತು, ಹೆಚ್ಚಾದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೊನೆಗೆ ಪುಡಿ ಬೆರೆಸಿದ್ದನ್ನು ಹೊರಗಿನ ಪದರಕ್ಕೆ ಮಾತ್ರ ಹಚ್ಚಿ, ಮರಕ್ಕೆ ತಾಗುವ ತುದಿಗೆ ಗಾಜಿನ ಬಟ್ಟೆಯ ಸುತ್ತು ಹೆಚ್ಚಿಸಿದೆ. ಸಿಲ್ವರ್ ಓಕ್ ತುಂಡಿಗೆ ತಿಕ್ಕಿ ತಿಕ್ಕಿ ನನ್ನ ಭುಜ ಸೋತಿತು, ಏಣಿ ಸೋಲಲಿಲ್ಲ. ಆ ದಿನದ ಖುಷಿ ಹೇಳತೀರದು.

ಹೊಸ ಏಣಿಗಳನ್ನು ಜೀಪಿಗೆ ಕಟ್ಟಿಕೊಂಡು ನಾನೇ ಹೋದೆ. ಕೊಯ್ಲು ಶುರುವಾಗಿತ್ತು. ತೋಟಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ನನ್ನ ಹಳೆಯ ಏಣಿಗೆ ಬುಡದಿಂದ ತುದಿಯವರೆಗೆ ಒತ್ತೊತ್ತಾಗಿ ಬೇಲಿಯ ತಂತಿ ಸುತ್ತಿದ್ದರು. ಬಿದಿರಿನ ಏಣಿ ಸೀಳು ಬಿಟ್ಟರೆ ಇಲ್ಲಿ ಹಿಂದಿನಿಂದಲೂ ಹಾಗೆ ತಂತಿ ಬಿಗಿಯುತ್ತಾರೆ. ಏಣಿಯ ಮೇಲೆ ಸತ್ತವನ ತಮ್ಮನಿದ್ದ. ಅವನಿಂದ ಒಂದು ಕೊಂಬೆಯಾಚೆ ಲೈನು. ಕೆಳಗೆ ಸಾವ್ಕಾರರೂ, ಕೆಲಸದವರನ್ನು ನೋಡಿಕೊಳ್ಳುವ ರೈಟರೂ ನಿಂತಿದ್ದರು.

"ಈಗ ನೋಡಿ ಹೇಗೆ ಗಟ್ಟಿ ಉಂಟು!" ಸಾವ್ಕಾರರು ಏಣಿಯನ್ನು ತಟ್ಟಿ ತೋರಿಸಿದರು. "ನಮ್ಮ ರೈಟ್ರ ಐಡಿಯಾ. ಸವೆಯೋದೂ ಇಲ್ಲ, ತುರಿಸೋದೂ ಇಲ್ಲ. ನಿಮಗೆ ಹೊಳೀಲೇ ಇಲ್ಲ."

ನಾನು ಏಣಿಯ ಬುಡಕ್ಕೆ ಓಡಿದೆ. "ಕೆಳಗಿಳಿಯೋ! ಲೈನಿನ ಕಡೆ ವಾಲಬೇಡ!" ಎಂದು ಕೂಗಿದೆ. ಅವನು ಸೊಂಟದ ಚೀಲ ಸರಿಮಾಡಿಕೊಂಡು ನಿಧಾನಕ್ಕೆ ಇಳಿದ.

"ಅಣ್ಣ ಹೇಗೆ ಹೋದ ಅಂತ ಮರೆತ್ಯಾ?"

"ಅದು ಅಲ್ಯುಮಿನಿಯಂ ಸಾರ್," ಎಂದ, ನನಗೇ ಸಮಾಧಾನ ಹೇಳುವವನಂತೆ. "ಇದು ಫೈಬರ್ ಅಲ್ವಾ? ಕರೆಂಟು ಹೊಡೆಯಲ್ಲ. ಅಮ್ಮನಿಗೂ ಹಾಗೇ ಹೇಳಿ ಬಂದಿದ್ದೇನೆ."

"ಫೈಬರ್ ಒಳಗಿದೆ. ನೀನು ಹಿಡ್ಕೊಂಡು ಹತ್ತಿದ್ದು ತಂತಿ."

ಅವನು ಏಣಿ ನೋಡಿದ, ಲೈನು ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ. ರೈಟರು ಮುಖ ತಿರುಗಿಸಿ ನಿಂತರು. ಛೀ! ತಂತಿಯಲ್ಲಿ ಕರೆಂಟು ಹೋಗುತ್ತದೆಂದು ತಿಳಿಯದ ಹಸುಗೂಸುಗಳೇ ಇವರು? ತೋಟದ ಸುತ್ತ ಆನೆ ಬಾರದಂತೆ ಇದೇ ತಂತಿ ಎಳೆದು ಕರೆಂಟು ಬಿಡುವವರೂ ಇವರೇ. ಒಬ್ಬನ ಹೆಣವನ್ನು ಇದೇ ಮರಗಳ ನಡುವಿಂದ ಹೊತ್ತ ಮೇಲೂ ಇವರಿಗೆ ಕಂಡದ್ದು ಏಣಿಯ ಸವೆತ ಮಾತ್ರ. ಅವರ ಪಕ್ಕ ನಿಲ್ಲುವುದಕ್ಕೂ ನನಗೆ ಅಸಹ್ಯವಾಯಿತು.

ಜೀಪಿನಿಂದ ಕಟಿಂಗ್ ಪ್ಲೇಯರ್ ತಂದು ತಂತಿ ಕತ್ತರಿಸತೊಡಗಿದೆ. ಎದ್ದಿದ್ದ ನೂಲು ಅಂಗೈ ತುಂಬ ಚುಚ್ಚಿತು. ಆ ತಮ್ಮನೂ ಪಕ್ಕದಲ್ಲಿ ಕೂತು ಬಿಚ್ಚತೊಡಗಿದ.

ಸಾವ್ಕಾರರು ಕತ್ತರಿಸಿ ಬಿದ್ದ ತಂತಿಯ ತುಂಡೊಂದನ್ನು ಎತ್ತಿ ನೋಡಿದರು. ಆಮೇಲೆ ಹತ್ತಿರ ಬಂದು ಬಗ್ಗಿದರು.

"ಚೂರು ಚೂರು ಮಾಡ್ಬೇಡಿ ಮಾರಾಯ್ರೆ," ಎಂದರು. "ಹಾಗೇ ಉದ್ದಕ್ಕೆ ಬಿಚ್ಚಿ. ಆನೆ ಬೇಲಿಗೆ ಆಗ್ತದೆ."